ಆ ಒಂದು ಸ್ಟ್ರೋಕ್ ಗೋಲಾಗಿದ್ದರೆ?



‘ಹಾಗಾಗಿದ್ದರೆ ಹೀಗಾಗುತ್ತಿತ್ತು’ ಎಂಬ ಮಾತು ಮುಂಬಯಿಯವರಾದ ನಮಗೆ ಹೊಸದಲ್ಲ. ಕಾಂದಿವಲಿಯಲ್ಲಿ ಬೆಳಗಿನ ಚರ್ಚ್‌ಗೇಟ್ ಫಾಸ್ಟ್ ಗಾಡಿ ಅರ್ಧ ನಿಮಿಷದಲ್ಲಿ ತಪ್ಪಿಹೋದವರು ಇಡೀ ದಿನ ಅದನ್ನೇ ಹೇಳುತ್ತಿರುತ್ತಾರೆ. ಇತಿಹಾಸ ಬರೆಯುವವರು ಈ ಮಾತನ್ನು ಅಷ್ಟಾಗಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆಗದೇ ಇದ್ದದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಆದರೆ ಆಟದ ಇತಿಹಾಸದಲ್ಲಿ ಕೆಲವು ಸಲ ಆಗದೇ ಹೋದದ್ದು ಎರಡು ವರ್ಷ ತಡವಾಗಿ ಆಗಿಬಿಡುತ್ತದೆ. ಆಗ ನಮ್ಮ ‘ಆಗಿದ್ದರೆ’ಯನ್ನು ಒರೆಗೆ ಹಚ್ಚಿ ನೋಡಬಹುದು. ಅಂಥದೊಂದು ಕಥೆಯನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇವೆ. ಇದರ ಇಬ್ಬರು ಮುಖ್ಯ ಪಾತ್ರಧಾರಿಗಳೂ ನಮ್ಮ ಕೊಡಗಿನವರು.

ಆಮ್‌ಸ್ಟೆಲ್‌ವೀನ್, 1973

ಸೆಪ್ಟೆಂಬರ್ 2, 1973. ಹಾಲೆಂಡಿನ ಆಮ್‌ಸ್ಟೆಲ್‌ವೀನ್ ಊರಿನಲ್ಲಿ ಎರಡನೆಯ ಹಾಕಿ ವಿಶ್ವಕಪ್ಪಿನ ಫೈನಲ್. ಎದುರಾಳಿ ಆತಿಥೇಯ ಹಾಲೆಂಡ್. ಭಾರತದ ನಾಯಕ ಮೊಳ್ಳೇರ ಪೂವಯ್ಯ ಗಣೇಶ್, ಅಂದರೆ ಎಂ.ಪಿ. ಗಣೇಶ್. ಸೇನೆಯ ತಂಡದಲ್ಲಿ ಬೆಳೆದ ಆಟಗಾರ. ಮುಂದೆ ನಮ್ಮ ಮುಂಬಯಿ ತಂಡಕ್ಕೂ ಆಡಿದವರು. ಅದೇ ತಂಡದಲ್ಲಿ ಸೋಮವಾರಪೇಟೆ ಕಡೆಯ ಇನ್ನೊಬ್ಬ ಹುಡುಗ, 22 ವರ್ಷದ ಬಿ.ಪಿ. ಗೋವಿಂದ. ಚೆಂಡು ಸಿಕ್ಕರೆ ಗಾಳಿಯಂತೆ ನುಗ್ಗುವ ಫಾರ್ವರ್ಡ್ ಎಂದು ಹೆಸರು.

ಸೆಮಿಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿತ್ತು. 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್ಪಿನಲ್ಲಿ ಇದೇ ಪಾಕಿಸ್ತಾನದ ಕೈಯಲ್ಲಿ ಸೆಮಿಫೈನಲ್ ಸೋತು ಕಂಚಿಗೆ ತೃಪ್ತಿಪಟ್ಟಿದ್ದ ತಂಡಕ್ಕೆ ಇದು ಸೇಡು ತೀರಿದ ಹಾಗಿತ್ತು. ಫೈನಲ್‌ನ ಆರಂಭವೂ ಹಬ್ಬದಂತೆಯೇ ಇತ್ತು. ಸುರ್ಜಿತ್ ಸಿಂಗ್ ಬೇಗಬೇಗನೆ ಎರಡು ಗೋಲು ಹೊಡೆದರು. ಭಾರತ 2, ಹಾಲೆಂಡ್ 0.

ಆಮೇಲೆ ಹಾಲೆಂಡಿನ ಟೀಸ್ ಕ್ರೂಯಿಝೆ ಎರಡೂ ಗೋಲನ್ನು ತೀರಿಸಿದರು. 2-2. ಹೆಚ್ಚುವರಿ ಸಮಯ ಶುರುವಾಯಿತು. ಅದರಲ್ಲಿ ‘ಸಡನ್ ಡೆತ್’ ಎಂಬ ಹಂತ, ಅಂದರೆ ಯಾರು ಮೊದಲು ಗೋಲು ಹೊಡೆಯುತ್ತಾರೋ ಕಪ್ ಅವರದು, ಆಟ ಅಲ್ಲಿಗೇ ಮುಗಿಯಿತು. ಆ ಹಂತದಲ್ಲಿ ಅಂಪೈರ್ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಕೊಟ್ಟರು.

ಒಮ್ಮೆ ಕಲ್ಪಿಸಿಕೊಳ್ಳಿ. ಮುಂದೆ ಗೋಲ್‌ಕೀಪರ್ ಒಬ್ಬನೇ. ಚೆಂಡು ಗೆರೆ ದಾಟಿದರೆ ಭಾರತ ವಿಶ್ವ ಚಾಂಪಿಯನ್. ಸ್ಟ್ರೋಕ್ ತೆಗೆದುಕೊಂಡವರು ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಎರಡೂ ಕಡೆಯವರು ಸರದಿಯ ಮೇಲೆ ಸ್ಟ್ರೋಕ್ ಹೊಡೆಯುವ ಹಂತಕ್ಕೆ ಆಟ ಬಂತು. ಹಾಲೆಂಡ್ 4-2ರಿಂದ ಗೆದ್ದಿತು.

ಅಂದಿನಿಂದ ಇಂದಿನವರೆಗೆ ಹಾಕಿ ಬಲ್ಲವರ ಬಾಯಲ್ಲಿ ಒಂದು ಪ್ರಶ್ನೆ ಉಳಿದಿದೆ. ಆ ಸ್ಟ್ರೋಕ್ ಗೋಲಾಗಿದ್ದರೆ ಭಾರತದ ಹಾಕಿಯ ಹಣೆಬರಹ ಬದಲಾಗುತ್ತಿತ್ತೇ?

ಮೊದಲು ಖಂಡಿತ ಬದಲಾಗುತ್ತಿದ್ದದ್ದು

ಒಬ್ಬ ಮನುಷ್ಯನ ಬದುಕು ಬದಲಾಗುತ್ತಿತ್ತು. ಆದರೆ ನೀವು ಅಂದುಕೊಂಡವರದಲ್ಲ.

ತಪ್ಪಿದ ಸ್ಟ್ರೋಕ್ ಎಂದ ಕೂಡಲೇ ಗೋವಿಂದರ ಹೆಸರು ಬರುತ್ತದೆ. ಆದರೆ ಗೋವಿಂದ ಎರಡು ವರ್ಷ ಕಳೆದು, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಅದೇ 1975ರ ಅರ್ಜುನ ಪ್ರಶಸ್ತಿಯೂ ಅವರಿಗೆ ಬಂತು. ತಪ್ಪಿಸಿಕೊಂಡ ಚಿನ್ನ ಅವರ ಕೊರಳಿಗೇ ಬಂದು ಬಿದ್ದಿತು. ಗಣೇಶ್ ಆ ತಂಡದಲ್ಲಿರಲಿಲ್ಲ. ಆ ಹೊತ್ತಿಗೆ ನಾಯಕತ್ವ ಅಜಿತ್‌ಪಾಲ್ ಸಿಂಗ್ ಅವರ ಕೈಗೆ ಬಂದಿತ್ತು. ಹಾಕಿ ವಿಶ್ವಕಪ್ ಎತ್ತಿದ ಭಾರತದ ನಾಯಕ ಯಾರು ಎಂದು ಯಾವ ಕ್ವಿಜ್‌ನಲ್ಲಿ ಕೇಳಿದರೂ ಉತ್ತರ ಅಜಿತ್‌ಪಾಲ್. ಚೆಂಡು ಗೆರೆ ದಾಟಿದ್ದರೆ ಆ ಉತ್ತರದಲ್ಲಿ ಮೊದಲ ಹೆಸರು ಕೊಡಗಿನ ಗಣೇಶ್ ಅವರದಾಗುತ್ತಿತ್ತು. 1973ರಲ್ಲೇ ಅರ್ಜುನ ಪ್ರಶಸ್ತಿ ಪಡೆದ ಅವರಿಗೆ ಪದ್ಮಶ್ರೀ ಬಂದದ್ದು 2020ರಲ್ಲಿ, ಆ ಫೈನಲ್ ಆಡಿ 47 ವರ್ಷಗಳಾದ ಮೇಲೆ.

ಹಾಗಾಗಿ ಆ ಸೋಲಿನ ಲೆಕ್ಕವನ್ನು ಗೋವಿಂದರ ಹೆಸರಿಗೆ ಬರೆಯುವ ಮೊದಲು, ಅದರ ಬೆಲೆ ತೆತ್ತವರು ಯಾರು ಎಂದು ನೋಡಬೇಕು.

ಕಪ್ ಬಂತು, ಆಮೇಲೆ?

ಈಗ ತಂಡದ ವಿಷಯಕ್ಕೆ ಬರೋಣ. 1973ರ ಸೋಲಿನ ನಂತರ ಹಾಕಿ ಫೆಡರೇಷನ್ನಿನೊಳಗೆ ಗುಂಪುಗಾರಿಕೆ ಮಿತಿಮೀರಿತು. 1975ರ ವಿಶ್ವಕಪ್ಪಿಗೆ ತಂಡ ಸಿದ್ಧಪಡಿಸುವುದೇ ಕಷ್ಟ ಎನ್ನುವ ಸ್ಥಿತಿ. ಆಗ ಮುಂದೆ ಬಂದದ್ದು ಪಂಜಾಬ್ ಸರ್ಕಾರ. ಮುಖ್ಯಮಂತ್ರಿ ಗ್ಯಾನಿ ಜೈಲ್ ಸಿಂಗ್ ಅವರ ಸರ್ಕಾರ ಚಂಡೀಗಢದಲ್ಲಿ ಶಿಬಿರ ನಡೆಸುವ ಹೊಣೆ ಹೊತ್ತಿತು. ಮೂರು ಒಲಿಂಪಿಕ್ ಚಿನ್ನ ಕಂಡ ಬಲ್ಬೀರ್ ಸಿಂಗ್ ಸೀನಿಯರ್ ಆಟಗಾರರನ್ನು ಒಂದೆಡೆ ಕೂಡಿಹಾಕಿ, ಜಗಳಗಳಿಂದ ದೂರವಿಟ್ಟು ತಯಾರು ಮಾಡಿದರು. ಮಾರ್ಚ್ 15, 1975ರಂದು ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 2-1ರ ಗೆಲುವು. ಸುರ್ಜಿತ್ ಸಿಂಗ್ ಒಂದು ಗೋಲು, ಅಶೋಕ್ ಕುಮಾರ್ ಇನ್ನೊಂದು. ನಮ್ಮ ಹಿರಿಯ ಕೇಳುಗರಿಗೆ ಅಂದು ಆಕಾಶವಾಣಿಯಲ್ಲಿ ಕೇಳಿದ ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆ ಈಗಲೂ ಕಿವಿಯಲ್ಲಿರಬಹುದು.

ಇಲ್ಲಿ ಒಂದು ಕ್ಷಣ ನಿಲ್ಲಿ. 1973ರಲ್ಲೇ ಗೆದ್ದಿದ್ದರೆ ಆ ಚಂಡೀಗಢ ಶಿಬಿರ ನಡೆಯುತ್ತಿತ್ತೇ? ಗೆದ್ದ ಮನೆಯಲ್ಲಿ ತಪ್ಪು ಹುಡುಕುವವರು ಕಡಿಮೆ. ಬಹುಶಃ ಒಂದು ಕಪ್ ಬಂದು ಇನ್ನೊಂದು ಬಾರದೇ ಹೋಗುತ್ತಿತ್ತು. ಎರಡೂ ಬರುತ್ತಿದ್ದವು ಎನ್ನುವವರನ್ನೂ ತಪ್ಪು ಎನ್ನಲಾಗದು. ಆದರೆ ಇದಕ್ಕಿಂತ ಮುಖ್ಯವಾದದ್ದು ಮುಂದಿನ ವರ್ಷ ನಡೆಯಿತು.

ಜುಲೈ 1976, ಮಾಂಟ್ರಿಯಲ್ ಒಲಿಂಪಿಕ್ಸ್. ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಡಿಸಲಾಯಿತು. ವಿಶ್ವ ಚಾಂಪಿಯನ್ ಭಾರತ ಆಸ್ಟ್ರೇಲಿಯಾದ ಕೈಯಲ್ಲಿ 1-6ರಿಂದ ಸೋತಿತು. ಕೊನೆಗೆ ಸಿಕ್ಕಿದ್ದು ಏಳನೆಯ ಸ್ಥಾನ. 1928ರಿಂದ ಒಂದು ಒಲಿಂಪಿಕ್ಸ್‌ನಿಂದಲೂ ಪದಕವಿಲ್ಲದೆ ಮರಳದಿದ್ದ ದೇಶ ಮೊದಲ ಸಲ ಬರಿಗೈಯಲ್ಲಿ ಬಂತು. ಕಪ್ ಬಂದು ಬರೀ 16 ತಿಂಗಳಾಗಿತ್ತು!

ನಮ್ಮ ಪ್ರಶ್ನೆಗೆ ಇತಿಹಾಸವೇ ಕೊಟ್ಟ ಉತ್ತರ ಇದು. 1973ರಲ್ಲಿ ಸಿಗದ ಕಪ್ 1975ರಲ್ಲಿ ಸಿಕ್ಕಿತು. ಅದರಿಂದ 1976 ತಪ್ಪಲಿಲ್ಲ. ಎರಡು ವರ್ಷ ಮೊದಲೇ ಸಿಕ್ಕಿದ್ದರೆ ತಪ್ಪುತ್ತಿತ್ತು ಎಂದು ಹೇಗೆ ನಂಬುವುದು?

ಕಾಲ ಕೆಳಗಿನ ನೆಲ

ಹುಲ್ಲಿಗೂ ಕೃತಕ ಹಾಸಿಗೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ತಡೆಯುತ್ತದೆ, ದಿಕ್ಕು ಬದಲಿಸುತ್ತದೆ. ಅದನ್ನು ಸ್ಟಿಕ್ಕಿನಲ್ಲಿ ನಿಲ್ಲಿಸಿ, ಮಣಿಕಟ್ಟು ತಿರುಗಿಸಿ, ಎದುರಾಳಿಯನ್ನು ದಾಟಿ ಹೋಗುವುದು ನಮ್ಮವರ ವಿದ್ಯೆ. ಚೆಂಡನ್ನು ಸಲೀಸಾಗಿ ನಿಲ್ಲಿಸುವುದೇ ಅಲ್ಲಿ ಅರ್ಧ ಆಟ. ಕೃತಕ ಹಾಸಿನ ಮೇಲೆ ಚೆಂಡು ನೇರವಾಗಿ, ಅಷ್ಟೇ ವೇಗವಾಗಿ ಬರುತ್ತದೆ. ಯಾರು ಬೇಕಾದರೂ ನಿಲ್ಲಿಸಬಹುದು. ಆಗ ಗೆಲುವು ಓಡುವ ಶಕ್ತಿಗೆ, ದೂರದ ಪಾಸಿಗೆ, ಪೆನಾಲ್ಟಿ ಕಾರ್ನರಿನ ಅಭ್ಯಾಸಕ್ಕೆ ಹೋಗುತ್ತದೆ. ಮಾಂಟ್ರಿಯಲ್‌ಗೆ ಹೊರಟಾಗ ನಮ್ಮ ದೇಶದಲ್ಲಿ ಅಂಥ ಹಾಕಿ ಮೈದಾನ ಒಂದೂ ಇರಲಿಲ್ಲ. ಈಜುಕೊಳವನ್ನೇ ನೋಡದವನನ್ನು ಸೀದಾ ಒಲಿಂಪಿಕ್ ಈಜಿಗೆ ಇಳಿಸಿದಂತೆ.

ಆದರೆ ಎಲ್ಲ ತಪ್ಪನ್ನೂ ಹಾಸಿನ ತಲೆಗೆ ಕಟ್ಟುವುದೂ ಸರಿಯಲ್ಲ. 1978ರ ವಿಶ್ವಕಪ್ ನಡೆದದ್ದು ಬ್ಯೂನಸ್ ಐರಿಸ್‌ನಲ್ಲಿ, ಹುಲ್ಲಿನ ಮೇಲೆ. ಭಾರತಕ್ಕೆ ಆರನೆಯ ಸ್ಥಾನ. 1981ರ ಡಿಸೆಂಬರ್ ಕೊನೆಯಿಂದ 1982ರ ಜನವರಿ 12ರವರೆಗೆ ವಿಶ್ವಕಪ್ ನಮ್ಮ ಮುಂಬಯಿಗೇ ಬಂತು. ಅದೂ ಹುಲ್ಲಿನ ಮೇಲೆಯೇ, ನಮ್ಮ ಜನರ ಮುಂದೆಯೇ. ಭಾರತಕ್ಕೆ ಐದನೆಯ ಸ್ಥಾನ. ಕಪ್ ಒಯ್ದದ್ದು ಪಾಕಿಸ್ತಾನ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತಲ್ಲ ಎಂದು ನೀವು ಕೇಳಬಹುದು. ಬಂತು, ಕೃತಕ ಹಾಸಿನ ಮೇಲೆಯೇ ಬಂತು. ಆದರೆ ಬಹಿಷ್ಕಾರದಿಂದಾಗಿ ಆ ಸಲ ಹಾಕಿಯ ಬಲಾಢ್ಯ ದೇಶಗಳಲ್ಲಿ ಹಲವು ಬಂದೇ ಇರಲಿಲ್ಲ.

ಅಂದರೆ ಕೆಟ್ಟದ್ದು ಹಾಸೊಂದೇ ಅಲ್ಲ. ಹುಡುಗರು ಎಲ್ಲಿ ಕಲಿಯುತ್ತಾರೆ, ಯಾರು ಕಲಿಸುತ್ತಾರೆ, ತಂಡವನ್ನು ಯಾರು ಆರಿಸುತ್ತಾರೆ, ಆಡಿದವನ ಹೊಟ್ಟೆಪಾಡೇನು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರೂ ಇರಲಿಲ್ಲ. ಆಟಗಾರರನ್ನು ಸಾಕಿದ್ದು ರೈಲ್ವೆ, ಸೇನೆ, ಏರ್‌ಲೈನ್ಸ್, ಪೆಟ್ರೋಲಿಯಂ ಕಂಪನಿಗಳ ನೌಕರಿ. ಕೊಡಗಿನ ಎಂ.ಎಂ. ಸೋಮಯ್ಯ ಮಾಸ್ಕೋ ಚಿನ್ನದ ತಂಡದಲ್ಲಿದ್ದರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. ಅವರು ಉದ್ಯೋಗ ಹಿಡಿದದ್ದು ಮುಂಬಯಿಯಲ್ಲಿ, ಭಾರತ್ ಪೆಟ್ರೋಲಿಯಂನಲ್ಲಿ.

ಗೆದ್ದ ಹಾಲೆಂಡಿನ ಕಥೆಯನ್ನೂ ನೋಡಿ. ಆ ಕಪ್ಪಿನಿಂದ ಅವರ ಭಾಗ್ಯದ ಬಾಗಿಲು ಕೂಡಲೇ ತೆರೆಯಲಿಲ್ಲ. ಅವರಿಗೆ ಮುಂದಿನ ವಿಶ್ವಕಪ್ ಸಿಕ್ಕಿದ್ದು 1990ರಲ್ಲಿ, ಮೊದಲ ಒಲಿಂಪಿಕ್ ಚಿನ್ನ 1996ರಲ್ಲಿ. ನಡುವಿನ ವರ್ಷಗಳಲ್ಲಿ ಅವರ ಕ್ಲಬ್ಬುಗಳು ಊರೂರಲ್ಲಿ ಕೃತಕ ಮೈದಾನ ಹಾಸಿಕೊಂಡವು. ಇಂದು ಆ ಪುಟ್ಟ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹಾಕಿ ಕ್ಲಬ್ಬುಗಳ ಸದಸ್ಯರು. ಇನ್ನೊಂದು ಕಡೆ ಪಾಕಿಸ್ತಾನ. 1971, 1978, 1982, 1994, ಹೀಗೆ ನಾಲ್ಕು ವಿಶ್ವಕಪ್. ಬೇರೆ ಯಾವ ದೇಶದ ಪುರುಷರ ತಂಡಕ್ಕೂ ಅಷ್ಟು ಸಿಕ್ಕಿಲ್ಲ. ಅದೇ ಪಾಕಿಸ್ತಾನಕ್ಕೆ 2014ರ ವಿಶ್ವಕಪ್ಪಿಗೆ ಅರ್ಹತೆಯೇ ಸಿಗಲಿಲ್ಲ. 2016, 2020, 2024ರ ಒಲಿಂಪಿಕ್ಸ್‌ಗೂ ಸಿಗಲಿಲ್ಲ. ಕಪಾಟಿನ ತುಂಬ ಕಪ್ ಇದ್ದರೆ ಮೈದಾನದಲ್ಲಿ ಹುಡುಗರು ಹುಟ್ಟಿಬರುವುದಿಲ್ಲ.

ಸ್ಟ್ರೋಕ್ ನಮ್ಮ ಕಡೆಗೇ ಆದ ಒಂದು ದಿನ

‘ಆಗಿದ್ದರೆ’ ಎನ್ನುವವರಿಗೆ ಇನ್ನೊಂದು ಉದಾಹರಣೆ ಕೊಡುತ್ತೇವೆ. ಡಿಸೆಂಬರ್ 1998, ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ. ಫೈನಲ್‌ನಲ್ಲಿ ಭಾರತಕ್ಕೆ ಎದುರಾಳಿ ದಕ್ಷಿಣ ಕೊರಿಯಾ. ಇಲ್ಲೂ ಆಟ ಸಮಸಮ, ಇಲ್ಲೂ ಪೆನಾಲ್ಟಿ ಸ್ಟ್ರೋಕ್‌ಗಳೇ ತೀರ್ಪು ಕೊಡಬೇಕು. ಈ ಸಲ ಗೋಲಿನ ಮುಂದೆ ನಿಂತಿದ್ದವರು ಆಶಿಷ್ ಬಲ್ಲಾಳ್. ಅವರು ಸ್ಟ್ರೋಕ್‌ಗಳನ್ನು ತಡೆದರು, ಭಾರತ ಗೆದ್ದಿತು. 1966ರ ನಂತರ, 32 ವರ್ಷಗಳ ಬಳಿಕ ಬಂದ ಏಷ್ಯನ್ ಚಿನ್ನ ಅದು. ನಾಯಕ ಧನರಾಜ್ ಪಿಳ್ಳೈ, ಪುಣೆಯ ಖಡಕಿಯಿಂದ ಮುಂಬಯಿಗೆ ಬಂದು ಬೆಳೆದ ಆಟಗಾರ.

1973ರಲ್ಲಿ ಏನಾಗಬೇಕಿತ್ತೋ ಅದೇ 1998ರಲ್ಲಿ ಆಯಿತು. ಮುಂದೇನಾಯಿತು? ಕೆಲವೇ ತಿಂಗಳಲ್ಲಿ ತರಬೇತುದಾರ ಎಂ.ಕೆ. ಕೌಶಿಕ್ ಅವರನ್ನು ತೆಗೆಯಲಾಯಿತು. ಧನರಾಜ್, ಬಲ್ಲಾಳ್ ಸೇರಿದಂತೆ ಹಲವು ಹಿರಿಯರನ್ನು ತಂಡದಿಂದ ಕೈಬಿಡಲಾಯಿತು. ‘ವಿಶ್ರಾಂತಿ’ ಎಂದು ಅದಕ್ಕೆ ಹೆಸರು! ಎರಡು ವರ್ಷದ ಮೇಲೆ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ವಿರುದ್ಧ ಗೆದ್ದೇಬಿಟ್ಟೆವು ಎನ್ನುವಾಗ, ಕೊನೆಯ ಎರಡು ನಿಮಿಷದೊಳಗೆ ಗೋಲು ಬಿಟ್ಟುಕೊಟ್ಟು 1-1ಕ್ಕೆ ಇಳಿದು, ಸೆಮಿಫೈನಲ್ ತಪ್ಪಿಸಿಕೊಂಡೆವು. ಮತ್ತೆ ಊರೆಲ್ಲ ಅದೇ ಮಾತು: ‘ಆ ಎರಡು ನಿಮಿಷ ತಡೆದಿದ್ದರೆ...’

ಗೆದ್ದ ತಂಡವನ್ನೇ ಉಳಿಸಿಕೊಳ್ಳದವರಿಗೆ ಇನ್ನೊಂದು ಗೋಲು ಸಿಕ್ಕಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು, ನೀವೇ ಹೇಳಿ.

ಹಣೆಬರಹ ನಿಜಕ್ಕೂ ಬದಲಾದದ್ದು

ಕಾಂದಿವಲಿ ಪೂರ್ವದ ನಮ್ಮ ಕೇಳುಗರಿಗೆ ಆಕುರ್ಲಿ ರಸ್ತೆಯಲ್ಲಿರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಗೊತ್ತಿರುತ್ತದೆ. ಆಟೋದವರಿಗೆ ‘ಸಾಯ್’ ಎಂದರೆ ಸಾಕು. ಈ ಪ್ರಾಧಿಕಾರ ಹುಟ್ಟಿದ್ದು 1984ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟ ಮುಗಿದ ಮೇಲೆ. ಆ ಕೂಟದ ಹಾಕಿ ಫೈನಲ್‌ನಲ್ಲಿ ಭಾರತ ಪಾಕಿಸ್ತಾನದ ಎದುರು 1-7ರಿಂದ ಸೋತದ್ದನ್ನು ಹಿರಿಯರು ಮರೆತಿರಲಾರರು. ನಮ್ಮ ನಾಯಕ ಗಣೇಶ್ ಮುಂದೆ ಇದೇ ಪ್ರಾಧಿಕಾರದಲ್ಲಿ ಹಿರಿಯ ಅಧಿಕಾರಿಯಾಗಿ ದುಡಿದರು. ಕಪ್ ಕೈತಪ್ಪಿದ ನಾಯಕ ಇನ್ನೊಬ್ಬರ ಮಕ್ಕಳು ಆಡುವ ಮೈದಾನದ ಕೆಲಸಕ್ಕೆ ಕೂತರು ಎನ್ನುವುದು ನಮಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಭಾಗ.

ಇದೇ ಸಾಯ್‌ನ ಬೆಂಗಳೂರು ಕೇಂದ್ರ ಭಾರತ ಹಾಕಿಯ ಮನೆಯಂತಾಯಿತು. ರಾಷ್ಟ್ರೀಯ ಶಿಬಿರಗಳು ವರ್ಷದ ಬಹುಭಾಗ ಅಲ್ಲೇ. 2018ರಲ್ಲಿ ಒಡಿಶಾ ಸರ್ಕಾರ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿತು. ಒಂದು ರಾಜ್ಯ ದೇಶದ ತಂಡವನ್ನು ಸಾಕಲು ನಿಂತದ್ದು ಚಂಡೀಗಢದ ದಿನಗಳನ್ನು ನೆನಪಿಸುವಂತಿತ್ತು. 2020ರ ಲಾಕ್‌ಡೌನ್‌ನಲ್ಲಿ ಆಟಗಾರರು ಬೆಂಗಳೂರಿನ ಆ ಆವರಣದಲ್ಲೇ ಉಳಿದುಕೊಂಡರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಗೆದ್ದರು. 41 ವರ್ಷಗಳ ನಂತರದ ಒಲಿಂಪಿಕ್ ಪದಕ ಅದು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು.

ಟೋಕಿಯೊದಲ್ಲೂ ಕೊನೆಯ ಕೆಲವು ಸೆಕೆಂಡುಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತ್ತು, ಗೋಲ್‌ಕೀಪರ್ ಶ್ರೀಜೇಶ್ ತಡೆದರು. ತಡೆಯದೇ ಇದ್ದಿದ್ದರೆ? ಪದಕ ಹೋಗಿದ್ದರೂ ಹೋಗುತ್ತಿತ್ತು. ಆದರೆ ಬೆಂಗಳೂರಿನ ಮೈದಾನ ಹೋಗುತ್ತಿರಲಿಲ್ಲ, ಶಿಬಿರ ಹೋಗುತ್ತಿರಲಿಲ್ಲ, ಮುಂದಿನ ಸಾಲಿನ ಹುಡುಗರು ಹೋಗುತ್ತಿರಲಿಲ್ಲ. 1973ಕ್ಕೂ 2021ಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ.

ಆದ್ದರಿಂದ ‘ಆಗಿದ್ದರೆ’ ಎಂದು ಕೇಳಲೇಬೇಕೆಂದಿದ್ದರೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳೋಣ. ಗೋವಿಂದರ ಸ್ಟ್ರೋಕ್ ಗೋಲಾಗಿದ್ದರೆ ಎಂದಲ್ಲ. 1975ರ ಕಪ್ ಬಂದ ವರ್ಷ, ಸನ್ಮಾನದ ಹಾರಗಳ ನಡುವೆ ಯಾರಾದರೂ ಒಬ್ಬರು ಎದ್ದು ನಿಂತು, ‘ಮಾಂಟ್ರಿಯಲ್‌ನಲ್ಲಿ ಬೇರೆ ನೆಲವಂತೆ, ನಮಗೂ ಅಂಥದೊಂದು ಮೈದಾನ ಈಗಲೇ ಹಾಸಿಕೊಡಿ’ ಎಂದು ಪಟ್ಟು ಹಿಡಿದಿದ್ದರೆ? ಕೈಯಲ್ಲಿ ಕಪ್ ಇದ್ದಾಗ ಕೇಳಿದರೆ ಇಲ್ಲ ಎನ್ನುವುದು ಸರ್ಕಾರಕ್ಕೂ ಕಷ್ಟವಾಗುತ್ತಿತ್ತು. ಹಣೆಬರಹ ಬದಲಾಯಿಸುವ ಅವಕಾಶ ತಪ್ಪಿದ್ದು ಆಮ್‌ಸ್ಟೆಲ್‌ವೀನ್‌ನಲ್ಲಿ ಅಲ್ಲ, ಆ 16 ತಿಂಗಳಲ್ಲಿ.

ಸೋಲನ್ನು ಒಬ್ಬನ ಸ್ಟಿಕ್ಕಿಗೆ ಕಟ್ಟುವುದು ಸುಲಭ, ಮೈದಾನ ಕೇಳುವುದು ಕಷ್ಟ. ಈ ಮಾತು ಹಾಕಿಗೆ ಮಾತ್ರ ಸೇರಿದ್ದಲ್ಲ ಎಂದು ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಬೇರೆ ಹೇಳಬೇಕಿಲ್ಲ. ಕಟ್ಟಡಗಳ ನಡುವೆ ಮಕ್ಕಳು ಆಡುವ ಜಾಗ ವರ್ಷವರ್ಷ ಕಿರಿದಾಗುವುದನ್ನು ನೋಡುತ್ತಲೇ ಇದ್ದೇವೆ. ಕೊಡಗಿನವರು ಮಾತ್ರ ಯಾವ ಕಪ್ಪಿಗೂ ಕಾಯಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡ, 2024ರಲ್ಲಿ 360. ಅಲ್ಲಿ ಅಜ್ಜನೂ ಆಡುತ್ತಾನೆ, ಮೊಮ್ಮಗಳೂ ಆಡುತ್ತಾಳೆ. ಗಣೇಶ್, ಗೋವಿಂದ, ಸೋಮಯ್ಯ ಬಂದದ್ದು ಇಂಥ ನಾಡಿನಿಂದ.

ಕೊನೆಗೆ ಒಂದು ವಿನಂತಿ. 1975ರ ವಿವರಣೆಯನ್ನು ರೇಡಿಯೋದಲ್ಲಿ ಕೇಳಿದವರು, 1982ರ ಮುಂಬಯಿ ವಿಶ್ವಕಪ್ಪನ್ನು ಗ್ಯಾಲರಿಯಲ್ಲಿ ಕೂತು ನೋಡಿದವರು ನಿಮ್ಮಲ್ಲಿ ಖಂಡಿತ ಇದ್ದೀರಿ. ನಿಮ್ಮ ನೆನಪುಗಳನ್ನು ಬರೆದು ಕಳಿಸಿ, ಕನ್ನಡ ಕಾರ್ಯಕ್ರಮದಲ್ಲಿ ಓದುತ್ತೇವೆ. ಜೊತೆಗೆ ಇನ್ನೊಂದನ್ನೂ ಬರೆಯಿರಿ: ನಿಮ್ಮ ಮಕ್ಕಳು ಮೊಮ್ಮಕ್ಕಳು ಈಗ ಎಲ್ಲಿ ಆಡುತ್ತಾರೆ?